ಬಿಡುವಿನ ವೇಳೆಯಲ್ಲಿ ಕಟ್ಟಿದ ಕನ್ನಡ



ಕನ್ನಡ ಲಿಪಿಯ ಚರಿತ್ರೆಯನ್ನು ತರಗತಿಯಲ್ಲಿ ಹೇಳುವಾಗ ಶಿಲಾಶಾಸನ, ತಾಳೆಗರಿ, ಅಚ್ಚಿನ ಮೊಳೆ ಎಂಬ ಮೂರು ಘಟ್ಟಗಳನ್ನು ವಿವರಿಸಿ ನಾನು ಪಾಠ ಮುಗಿಸುತ್ತಿದ್ದೆ. ನಾಲ್ಕನೆಯ ಘಟ್ಟವು ನಮ್ಮ ಕಣ್ಣೆದುರಿನಲ್ಲಿಯೇ ನಡೆಯಿತು. ಕನ್ನಡವು ಗಣಕಯಂತ್ರವನ್ನು ಪ್ರವೇಶಿಸಿದ ಕಾಲವದು. ಅದರ ಮುಖ್ಯ ಕೆಲಸಗಳಲ್ಲಿ ಹಲವನ್ನು ಮಾಡಿದವರು ಜೀವನೋಪಾಯಕ್ಕೆ ಬೇರೊಂದು ಉದ್ಯೋಗದಲ್ಲಿದ್ದು, ಬಿಡುವಿನ ವೇಳೆಯಲ್ಲಿ ಕೇವಲ ಭಾಷಾಪ್ರೀತಿಯಿಂದ ದುಡಿದವರೆಂಬುದನ್ನು ನೀವು ತಿಳಿದಿರಬೇಕು.

ಮೊದಲ ತೊಡಕು ಕೀಲಿಮಣೆಯದು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳು ಸಾಕು. ನಮಗೋ ವರ್ಣಮಾಲೆಯ ಜೊತೆಗೆ ಕಾಗುಣಿತ, ಒತ್ತಕ್ಷರಗಳು ಬೇಕು. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ಇದಕ್ಕೆ ಸರಳವಾದ ಪರಿಹಾರವನ್ನು ಕಂಡುಕೊಂಡರು. ಯಂತ್ರಕ್ಕೆ ಅಕ್ಷರದ ಆಕಾರವನ್ನು ಹೇಳಬೇಕಾಗಿಲ್ಲ, ಉಚ್ಚಾರವನ್ನು ಹೇಳಿದರೆ ಸಾಕು. ಕೆ ಕೀಲಿಯನ್ನು ಒತ್ತಿದರೆ ಕ, ಶಿಫ್ಟ್ ಸಹಿತ ಒತ್ತಿದರೆ ಖ. ಎಫ್ ಕೀಲಿಯು ವ್ಯಂಜನದೊಳಗಿನ ಸ್ವರವನ್ನು ತೆಗೆದು ಮುಂದಿನ ವ್ಯಂಜನದೊಡನೆ ಬೆಸೆಯುತ್ತದೆ. ಹೀಗಾಗಿ "ಅಕ್ಕ" ಎಂದು ಬರೆಯಲು ಅ, ಕ, ಎಫ್, ಕ ಎಂದು ನಾಲ್ಕು ಬಾರಿ ಒತ್ತಿದರಾಯಿತು. ಸಂಯುಕ್ತಾಕ್ಷರಗಳನ್ನು ಬಿಡಿಸಿ ಬರೆಯಿರಿ ಎಂದು ನಾನು ಪರೀಕ್ಷೆಯಲ್ಲಿ ಕೊಡುತ್ತಿದ್ದ ಪ್ರಶ್ನೆ ನಿಮಗೆ ನೆನಪಿರಬಹುದು. ಆ ವ್ಯಾಕರಣವೇ ಇಲ್ಲಿ ಕೀಲಿಮಣೆಯಾಯಿತು! ರಾವ್ ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ "ಸೇಡಿಯಾಪು" ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಅವರ ವಿನ್ಯಾಸವನ್ನೇ ಅಲ್ಪ ಬದಲಾವಣೆಯೊಡನೆ ಕರ್ನಾಟಕ ಸರಕಾರವು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ "ನುಡಿ"ಯಲ್ಲಿರುವುದೂ ಅದೇ.

ಈ ಸಾಲಿನಲ್ಲಿ ಇನ್ನಿಬ್ಬರನ್ನು ಸ್ಮರಿಸಬೇಕು. ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರು 1996ರಲ್ಲಿ "ವಿಶ್ವಕನ್ನಡ"ವನ್ನು ಅಂತರಜಾಲಕ್ಕೆ ತಂದರು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಲೋಗೋ ಭಾಷೆಯನ್ನು ಕನ್ನಡಕ್ಕೆ ತಂದವರೂ ಅವರೇ. ಗಣಕದ ಪರದೆಯ ಮೇಲಿನ ಆಮೆಗೆ ಕನ್ನಡದಲ್ಲಿಯೇ ಆಜ್ಞೆ ಕೊಟ್ಟು ಚಿತ್ರ ಬರೆಯಿಸುವ ಭಾಗ್ಯ ನಮ್ಮ ಮಕ್ಕಳಿಗೆ ಒದಗಿತು. ಶೇಷಾದ್ರಿವಾಸು ಅವರು ಹವ್ಯಾಸವಾಗಿ ಆರಂಭಿಸಿದ "ಬರಹ" 1998ರಲ್ಲಿ ಹೊರಬಂದಿತು. ನುಡಿಯುವಂತೆಯೇ ರೋಮನ್ ಅಕ್ಷರಗಳಲ್ಲಿ ಒತ್ತುತ್ತ ಹೋದರೆ ಕನ್ನಡ ಮೂಡುತ್ತಿತ್ತು. ಚಿಕ್ಕ ಡಿ ಒತ್ತಿದರೆ ದ, ದೊಡ್ಡ ಡಿ ಒತ್ತಿದರೆ ಡ. ಹಲವು ವರ್ಷ ಉಚಿತವಾಗಿ ದೊರೆತ ಈ ತಂತ್ರಾಂಶದಿಂದ ಪರದೇಶದಲ್ಲಿದ್ದ ಮಕ್ಕಳು ಊರಿನ ತಂದೆತಾಯಿಯರಿಗೆ ಕನ್ನಡದಲ್ಲಿ ಪತ್ರ ಬರೆಯುವಂತಾಯಿತು.

ಆದರೆ ಆ ಕಾಲದ ಫಾಂಟುಗಳಲ್ಲಿ ದೊಡ್ಡದೊಂದು ಕೊರತೆಯಿತ್ತು. ಗಣಕದ ಸ್ಮೃತಿಯಲ್ಲಿ ಉಳಿಯುತ್ತಿದ್ದುದು ಕನ್ನಡವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಫಾಂಟು ಅವುಗಳಿಗೆ ಕನ್ನಡದ ವೇಷವನ್ನು ತೊಡಿಸುತ್ತಿತ್ತು, ಅಷ್ಟೆ. ನಾವು ಒಂದೇ ಉಸಿರಿನಲ್ಲಿ ಓದುವ "ಕೋ" ಅಲ್ಲಿ ನಾಲ್ಕು ಚೂರುಗಳಾಗಿರುತ್ತಿತ್ತು. ಫಾಂಟು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ "ಕನ್ನಡ" ಎಂಬ ಪದವೇ ಪಿ ಅಕ್ಷರವಾಗಿ, ತಲೆಯ ಮೇಲೆ ಗೀಟಿರುವ ಎ ಆಗಿ, ಪೌಂಡ್ ನಾಣ್ಯದ ಚಿಹ್ನೆಯಾಗಿ ಕಾಣುತ್ತಿತ್ತು. ಒಂದೊಂದು ಸಂಸ್ಥೆಯ ಸಂಕೇತವೂ ಒಂದೊಂದು ಬಗೆ.

ಇದಕ್ಕೆ ಮದ್ದಾದುದು ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ "ತುಂಗಾ" ಫಾಂಟಿನೊಡನೆ ಬಂದ ಬಳಿಕ ಸಾಮಾನ್ಯರ ಯಂತ್ರಗಳಲ್ಲಿಯೂ ಅದು ಕಾಣತೊಡಗಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಇಂದು ನೀವು ಕೈಫೋನಿನಲ್ಲಿ ಕನ್ನಡ ಪದವೊಂದನ್ನು ಹುಡುಕಿದೊಡನೆ ದೊರೆಯುವುದು ಈ ಏಕರೂಪ ಸಂಕೇತದ ಫಲ.

ಆದರೆ ಅದಕ್ಕೂ ಮುಂಚೆ ಬರೆದುದರ ಗತಿಯೇನು? ನನ್ನ ಸಹೋದ್ಯೋಗಿಯೊಬ್ಬರು, ಈಗ ದಿವಂಗತರು, ನಿವೃತ್ತಿಯ ಬಳಿಕ ಸುತ್ತಲಿನ ಹಳ್ಳಿಗಳ ಸ್ಥಳನಾಮಗಳನ್ನೂ ಸೋಬಾನೆ ಪದಗಳನ್ನೂ ಸಂಗ್ರಹಿಸಿ ತಾವೇ ಬೆರಳಚ್ಚಿಸಿದ್ದರು. ಹಾಡಿದ ಮುದುಕಿಯರೂ ಈಗ ಇಲ್ಲ. ಅವರ ಮಗಳು ತಂದುಕೊಟ್ಟ ಕಡತವನ್ನು ತೆರೆದಾಗ ಪುಟದ ತುಂಬ ಪೌಂಡು ಚಿಹ್ನೆಗಳು! ಹವ್ಯಾಸಿಗಳ ಋಣವು ಎಷ್ಟು ದೊಡ್ಡದೆಂದು ನನಗೆ ಮನವರಿಕೆಯಾದುದು ಆಗಲೇ. "ಗುಬ್ಬಿ", "ನವಿಲು" ಫಾಂಟುಗಳನ್ನು ರೂಪಿಸಿದ ಅರವಿಂದ ವಿ.ಕೆ. ಅವರು ಹಳೆಯ ಸಂಕೇತವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕವನ್ನೂ ಬರೆದು ಎಲ್ಲರಿಗೂ ಮುಕ್ತವಾಗಿಟ್ಟಿದ್ದಾರೆ. ಇದು ಬರಿಯ ಅಕ್ಷರ ಬದಲಿಸುವ ಕೆಲಸವಲ್ಲ. "ಧರ್ಮ" ಎಂಬಲ್ಲಿ ಹಳೆಯ ಫಾಂಟು ಅರ್ಕಾವೊತ್ತನ್ನು ಕಣ್ಣಿಗೆ ಕಾಣುವಂತೆ ಮಕಾರದ ಅನಂತರ ಇಡುತ್ತದೆ, ಯುನಿಕೋಡ್ ಕಿವಿಗೆ ಕೇಳುವಂತೆ ಮೊದಲು ಇಡುತ್ತದೆ. ಪ್ರೋಗ್ರಾಮು ಇದನ್ನರಿತು ಸ್ಥಾನಪಲ್ಲಟ ಮಾಡಬೇಕು. ಆ ಪರಿವರ್ತಕದಿಂದಲೇ ನನ್ನ ಗೆಳೆಯರ ಸೋಬಾನೆ ಪದಗಳು ಮರಳಿ ಓದಲು ಬಂದವು.

ಇಷ್ಟೆಲ್ಲ ಹೇಳಿದ್ದರ ಉದ್ದೇಶ ಇಷ್ಟೆ. ನಿಮ್ಮ ಮನೆಯ ಹಳೆಯ ಗಣಕದಲ್ಲಿ, ಸಿ.ಡಿ.ಗಳಲ್ಲಿ ಅಜ್ಜನ ಆತ್ಮಕಥೆಯೋ ಊರ ದೇವಸ್ಥಾನದ ಚರಿತ್ರೆಯೋ ಉಳಿದಿರಬಹುದು. ಯಾವ ಫಾಂಟಿನದೆಂದು ಗುರುತಿಸಿ ಯುನಿಕೋಡಿಗೆ ಪರಿವರ್ತಿಸಿರಿ. ಅರ್ಕಾವೊತ್ತುಗಳನ್ನು ವಿಶೇಷವಾಗಿ ತಿದ್ದಿರಿ. ಮೂಲ ಕಡತವನ್ನು ಅಳಿಸಬೇಡಿರಿ. ಶಾಸನದ ಕಲ್ಲು ಒಡೆದರೂ ಒಂದು ಸಾಲಾದರೂ ಉಳಿದೀತು. ಸಿ.ಡಿ. ಕೆಟ್ಟರೆ ಉಳಿಯುವುದೇನೂ ಇಲ್ಲ. ನಿಮ್ಮಲ್ಲಿ ಹಲವರು ತಂತ್ರಾಂಶದ ಉದ್ಯೋಗದಲ್ಲಿದ್ದೀರಿ. ವಾರಕ್ಕೊಂದು ಸಂಜೆಯನ್ನು ಈ ಕೆಲಸಕ್ಕೆ ಕೊಟ್ಟರೆ ಈ ಹಳೆಯ ಮೇಷ್ಟರಿಗೆ ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇರಿಲ್ಲ.