ಕೈ ಅಡ್ಡ ಮಾಡಿದಾಗ: ವಾಹನ ನಿಲ್ಲಿಸುವ ಕಾನೂನಿನ ಕಥೆ

ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಮಾಡಿದರೆ ವಾಹನ ನಿಲ್ಲಿಸಬೇಕು. ಇದು ಎಲ್ಲರಿಗೂ ಗೊತ್ತು. ಆದರೆ ಈ ನಿಯಮ ಹೇಗೆ ಬೆಳೆದು ಬಂತು, ನಿಲ್ಲಿಸುವವರಿಗೂ ನಿಲ್ಲುವವರಿಗೂ ಅದು ಯಾವ ಕಟ್ಟುಪಾಡು ಹಾಕಿದೆ ಎಂಬುದನ್ನು ತಿಳಿದವರು ಕಡಿಮೆ.

ಮೊದಲು ಬೇರೆ ಬೇರೆ ಪ್ರಾಂತ್ಯಗಳಲ್ಲಿ ಬೇರೆ ಬೇರೆ ಕಾನೂನುಗಳಿದ್ದವು. ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ಮೋಟಾರು ವಾಹನ ಕಾಯಿದೆ ಬಂದದ್ದು 1914ರಲ್ಲಿ. 1939ರಲ್ಲಿ ಅದರ ಜಾಗಕ್ಕೆ ಹೆಚ್ಚು ವಿಸ್ತಾರವಾದ ಕಾಯಿದೆ ಬಂತು. ಅಂದಿನ ರಸ್ತೆಗಳು ಮೋಟಾರಿಗಿಂತ ಎತ್ತಿನ ಗಾಡಿ, ಜಟಕಾಗಳಿಗೆ ಹೆಚ್ಚಾಗಿ ಸೇರಿದ್ದವು. ಆದ್ದರಿಂದ ಸಮವಸ್ತ್ರ ಧರಿಸಿದ ಪೊಲೀಸರು ಹೇಳಿದಾಗ ಮಾತ್ರವಲ್ಲ, ತನ್ನ ಪ್ರಾಣಿ ಬೆದರಿ ಹತೋಟಿ ತಪ್ಪೀತೆಂದು ಅದರ ಜೊತೆಗಿದ್ದವನು ಕೇಳಿದಾಗಲೂ ಚಾಲಕ ವಾಹನ ನಿಲ್ಲಿಸಬೇಕೆಂದು ಆ ಕಾಯಿದೆ ಹೇಳಿತು. ನಿಲ್ಲುವುದೆಂದರೆ ಅಧಿಕಾರಕ್ಕೆ ಮಣಿಯುವುದಷ್ಟೇ ಅಲ್ಲ, ರಸ್ತೆಯಲ್ಲಿರುವ ಇನ್ನೊಂದು ಜೀವಕ್ಕೆ ಸಲ್ಲಿಸುವ ಕರ್ತವ್ಯವೂ ಹೌದು ಎಂಬ ಭಾವನೆ ಅದರಲ್ಲಿತ್ತು. 1988ರ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದಾಗ, ಅದರ 132ನೆಯ ಕಲಮು ಪ್ರಾಣಿಗಳ ಕುರಿತ ಈ ಮಾತನ್ನು ಹಾಗೆಯೇ ಉಳಿಸಿಕೊಂಡಿತು.

ಕಾನೂನು ಚಾಲಕನನ್ನು ಮಾತ್ರ ಕಟ್ಟಿಹಾಕಲಿಲ್ಲ. 130ನೆಯ ಕಲಮಿನಂತೆ ಲೈಸೆನ್ಸು ಕೇಳುವ ಪೊಲೀಸರು ಸಮವಸ್ತ್ರದಲ್ಲಿರಬೇಕು. 206ನೆಯ ಕಲಮಿನ ಪ್ರಕಾರ ಲೈಸೆನ್ಸನ್ನು ವಶಪಡಿಸಿಕೊಂಡರೆ ತಾತ್ಕಾಲಿಕ ರಸೀದಿ ಕೊಡಬೇಕು. ಕೆಲವು ಗಂಭೀರ ಅಪರಾಧಗಳನ್ನು ಬಿಟ್ಟರೆ, ಲೈಸೆನ್ಸು ಮರಳಿ ಬರುವವರೆಗೆ ಅಥವಾ ರಸೀದಿಯಲ್ಲಿ ನಮೂದಿಸಿದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಆ ರಸೀದಿಯೇ ವಾಹನ ನಡೆಸಲು ಅನುಮತಿ. 2018ರ ತಿದ್ದುಪಡಿಯಾದ ಮೇಲೆ ದಾಖಲೆಗಳನ್ನು ವಿದ್ಯುನ್ಮಾನ ರೂಪದಲ್ಲಿಯೂ ತೋರಿಸಬಹುದು. 2019ರ ತಿದ್ದುಪಡಿ ಶಿಕ್ಷೆಯನ್ನು ಬಿಗಿಗೊಳಿಸಿತು. ಕಾನೂನುಬದ್ಧ ಆದೇಶ ಮೀರಿದರೆ ಇದ್ದ 500 ರೂಪಾಯಿ ದಂಡ 2,000ಕ್ಕೆ ಏರಿತು. ಕುಡಿದು ವಾಹನ ನಡೆಸಿದವರಿಗೆ ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು.

ಹಾಗಾದರೆ ನಾವು ಹೇಗೆ ನಡೆದುಕೊಳ್ಳಬೇಕು? ಸೂಚನೆ ಕಂಡೊಡನೆ ವೇಗ ತಗ್ಗಿಸಿ, ಸಂಜ್ಞೆ ಕೊಟ್ಟು, ಎಡಬದಿಗೆ ಸರಿದು ನಿಲ್ಲಬೇಕು. ತಟ್ಟನೆ ತಿರುಗಿ ಓಡಲೆತ್ನಿಸಿದರೆ ಹಿಂದೆ ಬರುವವರಿಗೂ ಅಪಾಯ, ಹಿಂದೆ ಕುಳಿತ ಗೆಳೆಯನಿಗೂ ಅಪಾಯ. ಎಂಜಿನ್ ಆರಿಸಿ, ಕೇಳಿದ ದಾಖಲೆಗಳನ್ನು ಶಾಂತವಾಗಿ ತೋರಿಸಬೇಕು. ಕಾರಿನಲ್ಲಿರುವ ಪ್ರಯಾಣಿಕರು ರಸ್ತೆಯ ಕಡೆಯ ಬಾಗಿಲು ತೆರೆಯಬಾರದು, ಚಾಲಕನ ಪರವಾಗಿ ಗುಂಪುಕಟ್ಟಿ ಜಗಳಕ್ಕೆ ನಿಲ್ಲಬಾರದು. ಲಂಚ ಕೊಡಬಾರದು, ಕಟ್ಟಿದ ದಂಡಕ್ಕೆ ರಸೀದಿ ಪಡೆಯಬೇಕು. ಆರೋಪ ಒಪ್ಪಿಗೆಯಿಲ್ಲದಿದ್ದರೆ ಸ್ಥಳದಲ್ಲೇ ದಂಡ ಕಟ್ಟಬೇಕೆಂದಿಲ್ಲ, ನ್ಯಾಯಾಲಯದಲ್ಲಿ ವಾದಿಸಬಹುದು.

ಸಮವಸ್ತ್ರಕ್ಕೆ ಅಧಿಕಾರವನ್ನು ಕೊಟ್ಟ ಕಾನೂನೇ ಪ್ರಜೆಯ ಕೈಗೆ ರಸೀದಿಯನ್ನೂ ಕೊಟ್ಟಿದೆ. ಇವೆರಡನ್ನೂ ಅರಿತ ಯುವಕ ಯುವತಿಯರು ಪೊಲೀಸರನ್ನು ಕಂಡು ಹೆದರುವುದೂ ಇಲ್ಲ, ನಿಲ್ಲದೆ ಓಡುವುದೂ ಇಲ್ಲ.