21ನೇ ವಿಧಿಯಿಂದ ಹೊರಗುಳಿದ ಎರಡು ಪದ

ನಾನು ಬಿಕಾಂ ಓದಿದವನು, ಲಾಯರ್ ಅಲ್ಲ. ಆದರೆ ಬಾಡಿಗೆ ಅಗ್ರಿಮೆಂಟಲ್ಲಿ ಒಂದು ಪದ ಆಚೀಚೆ ಆದರೆ ಅಡ್ವಾನ್ಸ್ ದುಡ್ಡಿನ ಗತಿ ಏನಾಗುತ್ತೆ ಅಂತ ಬೆಂಗಳೂರಲ್ಲಿ ರೂಮ್ ಮಾಡಿದವರಿಗೆಲ್ಲ ಗೊತ್ತು. ಇವತ್ತಿನದೂ ಅಂಥದ್ದೇ ಕಥೆ, ಆದರೆ ಇದು ದೇಶದ ಅಗ್ರಿಮೆಂಟಿನದ್ದು.

ಪೊಲೀಸರು ನಿಮ್ಮನ್ನು ಹಿಡಿದು ಒಳಗೆ ಹಾಕಿದ್ರು ಅಂದ್ಕೊಳ್ಳಿ. ಕೋರ್ಟಿಗೆ ಹೋಗ್ತೀರಿ. ಜಡ್ಜ್ ಎರಡು ಪ್ರಶ್ನೆ ಕೇಳಬಹುದು. ಹೀಗೆ ಬಂಧಿಸೋಕೆ ಕಾನೂನು ಇದೆಯಾ? ಇದ್ದರೆ, ಆ ಕಾನೂನೇ ನ್ಯಾಯವಾದದ್ದಾ? ಈ ಎರಡನೇ ಪ್ರಶ್ನೆ ಕೇಳುವ ಅಧಿಕಾರ ಕೋರ್ಟಿಗೆ ಇರಬೇಕಾ ಬೇಡ್ವಾ ಅನ್ನೋದೇ ಜಗಳ. ಇದ್ದರೆ ಕೋರ್ಟಿನ ಕೈ ಮೇಲು, ಇಲ್ಲದಿದ್ದರೆ ಸಂಸತ್ತಿನ ಕೈ ಮೇಲು.

1947ರಲ್ಲಿ ಮೂಲಭೂತ ಹಕ್ಕುಗಳ ಪಟ್ಟಿ ಮೊದಲ ಸಲ ಸಂವಿಧಾನ ಸಭೆಯ ಮುಂದೆ ಬಂದಾಗ ಅದರಲ್ಲಿ ಅಮೆರಿಕದಿಂದ ತಂದ ಮಾತಿತ್ತು: 'ಡ್ಯೂ ಪ್ರೋಸೆಸ್'. ಅಂದ್ರೆ ನ್ಯಾಯಯುತ ಕ್ರಮ ಅನುಸರಿಸದೆ ಯಾರ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ. ಎರಡನೇ ಪ್ರಶ್ನೆಗೆ ಬಾಗಿಲು ತೆರೆದಿತ್ತು.

ಈಗ ನಮ್ಮ ಕಡೆಯ ಒಬ್ಬರು ಬರ್ತಾರೆ. ಬೆನೆಗಲ್ ನರಸಿಂಗ ರಾವ್, ಹುಟ್ಟಿದ್ದು ಮಂಗಳೂರಿನಲ್ಲಿ. ಐಸಿಎಸ್ ಅಧಿಕಾರಿ, ಸಂವಿಧಾನ ಸಭೆಯ ಸಲಹೆಗಾರ. ಸಭೆಯ ಸದಸ್ಯರಲ್ಲ, ವೋಟೂ ಇಲ್ಲ. ಆದರೆ ಮೊದಲ ಕರಡು ಇವರದ್ದೇ. 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿದರು. ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ಜಡ್ಜ್ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಸಿಕ್ಕರು. ಅವರ ಮಾತಿನ ಸಾರ ಇಷ್ಟು: ಡ್ಯೂ ಪ್ರೋಸೆಸ್ ಬೇಡ. ಜನ ಆರಿಸಿ ಕಳಿಸಿದವರ ಕಾನೂನನ್ನು ಕೆಲವೇ ಜಡ್ಜ್‌ಗಳು ಹೊಡೆದುಹಾಕೋದು ಪ್ರಜಾಪ್ರಭುತ್ವವಲ್ಲ, ಕೋರ್ಟಿಗೂ ಅದು ಹೊರೆ.

ಅಮೆರಿಕದ ಜಡ್ಜ್ ಯಾಕೆ ಹೀಗೆ ಹೇಳಿದ್ರು? ಅವರ ತಲೆಯಲ್ಲಿದ್ದದ್ದು ಕಾರ್ಮಿಕರ ಕೇಸ್‌ಗಳು. ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತ ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತ್ತು. 1905ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದೇ ಡ್ಯೂ ಪ್ರೋಸೆಸ್ ಹೆಸರಲ್ಲಿ ಅದನ್ನು ರದ್ದು ಮಾಡ್ತು. ಇಲ್ಲಿ ಜಮೀನ್ದಾರಿ ತೆಗೆಯಬೇಕು, ಭೂಸುಧಾರಣೆ ಮಾಡಬೇಕು ಅಂತ ಹೊರಟವರಿಗೆ ಇದನ್ನು ಕೇಳಿ ಭಯ ಆಗದೆ ಇರುತ್ತಾ? ಜೊತೆಗೆ ದೇಶ ವಿಭಜನೆಯ ಗಲಭೆ. ವಿಚಾರಣೆ ಇಲ್ಲದೆ ಬಂಧಿಸುವ ಅಧಿಕಾರ ಬಿಟ್ಟುಕೊಡೋಕೆ ಸರ್ಕಾರ ತಯಾರಿರಲಿಲ್ಲ.

1948ರ ಕರಡಿನಲ್ಲಿ ಡ್ಯೂ ಪ್ರೋಸೆಸ್ ಮಾಯ. ಅದರ ಜಾಗದಲ್ಲಿ ಜಪಾನಿನ ಸಂವಿಧಾನದ ಮಾತು: 'ಕಾನೂನು ನಿಗದಿಪಡಿಸಿದ ಕಾರ್ಯವಿಧಾನ'. ಕಾನೂನು ಅಂತ ಒಂದಿದ್ದರೆ ಸಾಕು. ಸಭೆಯಲ್ಲಿ ಕೆ.ಎಂ. ಮುನ್ಷಿ ಹಳೆಯ ಮಾತಿನ ಪರ, ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಹೊಸದರ ಪರ. ನನಗೆ ಇಷ್ಟ ಆಗೋದು ಡಿಸೆಂಬರ್ 13ರ ಅಂಬೇಡ್ಕರ್ ಮಾತು. ಒಂದು ಕಡೆ ಪಕ್ಷದ ಮಂದಿಯೇ ತುಂಬಿದ ಶಾಸಕಾಂಗ, ಇನ್ನೊಂದು ಕಡೆ ಐದಾರು ಜಡ್ಜ್‌ಗಳು, ಯಾರನ್ನು ನಂಬೋದು ಹೇಳೋದು ಕಷ್ಟ ಅಂತ ಒಪ್ಪಿಕೊಂಡು, ತೀರ್ಮಾನ ಸಭೆಗೇ ಬಿಟ್ಟರು. ಇಷ್ಟು ದೊಡ್ಡ ವಿಷಯದಲ್ಲಿ 'ನನಗೂ ಖಚಿತ ಇಲ್ಲ' ಅನ್ನೋ ನಾಯಕರು ಈಗ ಎಷ್ಟು ಜನ ಸಿಗ್ತಾರೆ ಹೇಳಿ. ಸಭೆ ಹೊಸ ಮಾತನ್ನೇ ಒಪ್ಪಿತು.

ಬೆಲೆ ತೆತ್ತವರು ಜೈಲಲ್ಲಿದ್ದವರು. ಸಂವಿಧಾನ ಜಾರಿಯಾದ ನಾಲ್ಕೇ ತಿಂಗಳಿಗೆ, 1950ರ ಮೇನಲ್ಲಿ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಹೇಳಿದ್ದು ಅದೇ: ಸಂಸತ್ತು ಕಾನೂನು ಮಾಡಿದೆ, ಅದು ನ್ಯಾಯವೋ ಅಲ್ಲವೋ ನಾವು ಕೇಳುವಂತಿಲ್ಲ.

ಆಮೇಲೆ ತುರ್ತು ಪರಿಸ್ಥಿತಿ. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧನಕ್ಕೊಳಗಾದರು. ಇಂಥ ಬಂಧಿತರ ಅರ್ಜಿ ಕೇಳಬಹುದು ಅಂತ ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4-1ರಲ್ಲಿ ಆಗಲ್ಲ ಅಂತು. ವಿರೋಧಿಸಿದವರು ಎಚ್.ಆರ್. ಖನ್ನಾ ಒಬ್ಬರೇ. ನ್ಯಾಯವಾಗಿ ಹೇಳಬೇಕಂದ್ರೆ, ಇದಕ್ಕೆ ಆ ಎರಡು ಪದಗಳ ಗೈರುಹಾಜರಿಯನ್ನೇ ದೂರುವಂತಿಲ್ಲ. ರಾಷ್ಟ್ರಪತಿ ಆದೇಶದ ಮೇಲೆ, 21ನೇ ವಿಧಿ ಹಿಡಿದು ಕೋರ್ಟಿಗೆ ಹೋಗುವ ದಾರಿಯನ್ನೇ ಮುಚ್ಚಿದ್ದರು. ಹಾಗೆ ಮುಚ್ಚುವಂತಿಲ್ಲ ಅಂತ ಆಮೇಲೆ 44ನೇ ತಿದ್ದುಪಡಿ ಬಂತು.

1978ರಲ್ಲಿ ಮೇನಕಾ ಗಾಂಧಿ ಪಾಸ್‌ಪೋರ್ಟ್ ಕೇಸ್. 'ಕಾರ್ಯವಿಧಾನ' ಅಂದ್ರೆ ಯಾವುದೋ ಒಂದು ಅಲ್ಲ, ಅದು ನ್ಯಾಯಯುತವಾಗಿ, ಸಮಂಜಸವಾಗಿ ಇರಬೇಕು ಅಂತು ಸುಪ್ರೀಂ ಕೋರ್ಟ್. ಮುಂಬಾಗಿಲಲ್ಲಿ ಕಳಿಸಿದ್ದು ಹಿತ್ತಲ ಬಾಗಿಲಿಂದ ಒಳಗೆ ಬಂತು. ಸಂಸತ್ತು ಮಾಡಬೇಕಾದ ಬದಲಾವಣೆಯನ್ನು ಕೋರ್ಟ್ ತಾನೇ ಮಾಡ್ಕೊಳ್ತು ಅನ್ನೋ ತಕರಾರು ಇದೆ, ಅದರಲ್ಲಿ ಹುರುಳೂ ಇದೆ. ಆದರೂ ಜೈಲಲ್ಲಿ ಕೂತವರ ಕಡೆಯಿಂದ ನೋಡಿದರೆ ನಾನು ಕೋರ್ಟಿನ ಪರ.

2017ರಲ್ಲಿ ಒಂಬತ್ತು ಜಡ್ಜ್‌ಗಳ ಪೀಠ ಇದೇ 21ನೇ ವಿಧಿಯಲ್ಲಿ ಖಾಸಗಿತನದ ಹಕ್ಕು ಇದೆ ಅಂತು. ಆಧಾರ್ ಪ್ರಶ್ನಿಸಿ ಆ ಕೇಸ್ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ. 1976ರ ತೀರ್ಪು ತಪ್ಪು ಅಂತಲೂ ಅದರಲ್ಲೇ ಬರೆದರು. ಬರೆದವರು ಡಿ.ವೈ. ಚಂದ್ರಚೂಡ್. 1976ರ ಆ ನಾಲ್ವರಲ್ಲಿ ಒಬ್ಬರು ಅವರ ಅಪ್ಪ ವೈ.ವಿ. ಚಂದ್ರಚೂಡ್.

ಮುಂದಿನ ಎಪಿಸೋಡ್ 22ನೇ ವಿಧಿ ಬಗ್ಗೆ. ಸಲಹಾ ಮಂಡಳಿಯ ಮುಂದೆ ತರದೆ ಮೂರು ತಿಂಗಳು ಒಳಗಿಡೋ ಅವಕಾಶ ಅದರಲ್ಲಿ ಇನ್ನೂ ಹಾಗೇ ಇದೆ. ಸಿಗೋಣ.