ನಾಗರಹೊಳೆಯ ಹುಲಿ ಅಂದಾಜು ಮತ್ತು ವಿಶ್ವಾಸಾಂತರ

ಹನಗೋಡಿನ ಹೊಲಗಳ ಆಚೆಗೆ ಹಬ್ಬಿರುವ ನಾಗರಹೊಳೆ ಕಾಡು, ಹುಲಿಗಳ ಸಂಖ್ಯೆಯನ್ನು ವಿಶ್ವಾಸಾಂತರದೊಂದಿಗೆ ಹೇಳುವ ಪದ್ಧತಿ ಬೆಳೆದ ನೆಲ. ಮಾದರಿಯಿಂದ ಪಡೆದ ಅಂದಾಜಿಗೆ ಕೆಳಮಿತಿ, ಮೇಲ್ಮಿತಿಗಳನ್ನು ಕಟ್ಟಿಕೊಡುವ ಈ ಲೆಕ್ಕಕ್ಕೆ 1937ರಲ್ಲಿ ಪೂರ್ಣರೂಪ ಕೊಟ್ಟವರು ಸಂಖ್ಯಾಶಾಸ್ತ್ರಜ್ಞ ನೈಮನ್. ಒಂದು ಊಹೆಯನ್ನು ದತ್ತಾಂಶದ ಎದುರು ಒರೆಗೆ ಹಚ್ಚುವ ಪ್ರಾಕ್ಕಲ್ಪನೆಯ ಪರೀಕ್ಷೆಯನ್ನು ಅವರು ಈಗನ್ ಪಿಯರ್ಸನ್ ಜೊತೆಗೂಡಿ 1933ರಲ್ಲೇ ರೂಪಿಸಿದ್ದರು.

ಭಾರತದ ಕಾಡುಗಳಲ್ಲಿ ಬಹುಕಾಲ ನಡೆದದ್ದು ಹೆಜ್ಜೆಗುರುತಿನ ಗಣತಿ. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1966ರಲ್ಲಿ ಆರಂಭಿಸಿದ ಕ್ರಮ ಅದು. 1972ರ ರಾಷ್ಟ್ರೀಯ ಗಣತಿ 1,827 ಹುಲಿಗಳೆಂದಿತು. ಕಾಡಿನ ಎಲ್ಲ ಹುಲಿಗಳೂ ಲೆಕ್ಕಕ್ಕೆ ಸಿಕ್ಕಿವೆ ಎಂಬ ನಂಬಿಕೆಯ ಮೇಲೆ ನಿಂತಿದ್ದರಿಂದ ಅಲ್ಲಿ ತಪ್ಪಿನ ಅಳತೆಗೆ ಜಾಗವೇ ಇರಲಿಲ್ಲ. ಇದು ಸಣ್ಣ ಕೊರತೆಯಲ್ಲ.

ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಬೇರೆ ದಾರಿ ಹಿಡಿದರು. ಪ್ರತಿ ಹುಲಿಯ ಪಟ್ಟೆಯೂ ಬೇರೆ. ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪಿನಲ್ಲಿ ಒಮ್ಮೆ ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಗುತ್ತದೆಂದು ನೋಡಿದರೆ, ಸಿಗದೆ ಉಳಿದವು ಎಷ್ಟಿರಬಹುದೆಂದು ಲೆಕ್ಕ ಹಾಕಬಹುದು. ಈ ವಿಧಾನದ ಮೊದಲ ಪ್ರಬಂಧ 1995ರಲ್ಲಿ ಬಂತು. ಮುಂದೆ ಅಮೆರಿಕದ ಸಂಖ್ಯಾಪರಿಸರತಜ್ಞ ಜೇಮ್ಸ್ ನಿಕೋಲ್ಸ್ ಜೊತೆಯಾದರು.

2006ರಲ್ಲಿ ಪ್ರಕಟವಾದ ಕಾರಂತರ ತಂಡದ ಅಧ್ಯಯನ 1991ರಿಂದ 2000ದವರೆಗಿನದು: 5,725 ಟ್ರ್ಯಾಪ್ ರಾತ್ರಿಗಳು (ಒಂದು ಟ್ರ್ಯಾಪಿಗೆ ಒಂದು ರಾತ್ರಿಯಂತೆ ಲೆಕ್ಕ), ಗುರುತು ಹಿಡಿದ 74 ಹುಲಿಗಳು. ಸರಾಸರಿ ವಾರ್ಷಿಕ ವೃದ್ಧಿದರ 1.03, ಆ ಅಂದಾಜು ಎಷ್ಟು ಅಲ್ಲಾಡಬಹುದೆಂದು ಅಳೆಯುವ ಪ್ರಮಾಣಿತ ದೋಷ 0.02. ಬರಿಯ 1.03 ನೋಡಿದವರಿಗೆ ಹುಲಿಗಳು ವರ್ಷಕ್ಕೆ ನೂರಕ್ಕೆ ಮೂರರಂತೆ ಹೆಚ್ಚಿವೆ ಎನಿಸುತ್ತದೆ. ಆದರೆ ಶೇ. 95ರ ವಿಶ್ವಾಸಾಂತರ 0.99ರಿಂದ 1.07. ಏರಿಳಿತವಿಲ್ಲ ಎಂಬುದನ್ನು ಸೂಚಿಸುವ 1 ಅದರೊಳಗೇ ಇದೆ. ಹಾಗಾಗಿ ಸಂಖ್ಯೆ ಬದಲಾಗಿಲ್ಲ ಎಂಬ ಪ್ರಾಕ್ಕಲ್ಪನೆಯನ್ನು ಶೇ. 5ರ ಮಟ್ಟದಲ್ಲಿ ತಳ್ಳಿಹಾಕಲಾಗದು. ಬದಲಾಗಿಲ್ಲವೆಂದು ಸಾಬೀತಾಯಿತು ಎನ್ನಲೂ ಆಗದು. ಅಂತರ ಮತ್ತು ಪರೀಕ್ಷೆ ಒಂದೇ ಲೆಕ್ಕದ ಎರಡು ಓದು ಎಂಬುದಕ್ಕೆ ಕನ್ನಡ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಒಂದು ಎಚ್ಚರ: ಶೇ. 95 ಎಂಬುದು ವಿಧಾನದ ಗುಣ. ಇದೇ ರೀತಿ ಮತ್ತೆ ಮತ್ತೆ ಮಾದರಿ ತೆಗೆದರೆ ನೂರರಲ್ಲಿ ಸುಮಾರು 95 ಅಂತರಗಳು ನಿಜಬೆಲೆಯನ್ನು ಒಳಗೊಳ್ಳುತ್ತವೆ.

ಗಣತಿಯಲ್ಲಿ ಹುಲಿಗಳಿವೆ ಎನ್ನಲಾಗಿದ್ದ ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಹುಲಿಗಳೇ ಇಲ್ಲವೆಂದು 2005ರಲ್ಲಿ ಬಯಲಾದ ಮೇಲೆ ಹೆಜ್ಜೆಗುರುತಿನ ಗಣತಿ ಮೂಲೆ ಸೇರಿತು. 2008ರಲ್ಲಿ ಹೊರಬಂದ ರಾಷ್ಟ್ರೀಯ ಅಂದಾಜು 1,411. ಜೊತೆಗೆ 1,165–1,657 ಎಂಬ ಮಿತಿಗಳೂ ಅಚ್ಚಾದವು. ಪತ್ರಿಕೆಗಳ ತಲೆಬರಹಕ್ಕೆ ಮಾತ್ರ ನಡುವಿನ ಸಂಖ್ಯೆಯೇ ಸಾಕಾಯಿತು. ಇಂಥ ರಾಷ್ಟ್ರೀಯ ಅಂದಾಜಿನಲ್ಲಿ ಕ್ಯಾಮೆರಾ ಇಡದ ಕಾಡುಗಳಿಗೆ ಹೆಜ್ಜೆ, ಲದ್ದಿಗಳ ಸೂಚಕದಿಂದ ಹುಲಿಸಂಖ್ಯೆ ಊಹಿಸುವುದು ಎಷ್ಟು ನಂಬಲರ್ಹ ಎಂದು ಅರ್ಜುನ್ ಗೋಪಾಲಸ್ವಾಮಿ, ಕಾರಂತ ಮೊದಲಾದ ಸಂಶೋಧಕರು 2015ರಲ್ಲಿ ಪ್ರಶ್ನೆ ಎತ್ತಿದರು.